ಲೆಕ್ಕ ತಲೆಗೆ ಹತ್ತುವುದಿಲ್ಲ ಎನ್ನುವ ಮಗುವಿಗೆ ಗುರಿ ಇಡುವುದು ಹೇಗೆ

ಹತ್ತನೆಯ ತರಗತಿಗೆ ಬಂದ ಮಕ್ಕಳನ್ನು ಜೂನ್ ತಿಂಗಳಲ್ಲಿ ಮೊದಲ ಸಲ ಎದುರಿಗೆ ಕೂರಿಸಿಕೊಂಡು ಗಣಿತದಲ್ಲಿ ಏನು ಕಷ್ಟ ಎಂದು ಕೇಳಿದರೆ, ಹಲವರು ಕೊಡುವ ಉತ್ತರ ಒಂದೇ: "ಲೆಕ್ಕವೇ ತಲೆಗೆ ಹತ್ತುವುದಿಲ್ಲ ಸಾರ್." ರೋಗಿಯೊಬ್ಬ ವೈದ್ಯರ ಮುಂದೆ ಕುಳಿತು "ಮೈಯೇ ಸರಿಯಿಲ್ಲ" ಎಂದರೆ ಔಷಧ ಬರೆಯಲು ಹೇಗೆ ಸಾಧ್ಯವಿಲ್ಲವೋ, ಈ ಉತ್ತರದಿಂದಲೂ ಪಾಠ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ಸಂಜೆ ಹೊತ್ತು ಮನೆಯಲ್ಲಿ ಗಣಿತ ಹೇಳಿಕೊಡುವ ನಾನು ಈ ಮಾತನ್ನು ಬಹಳ ವರ್ಷ ಕೇಳಿ, ಅದಕ್ಕೆ "ಹಾಗೆಲ್ಲ ಅನ್ನಬಾರದು, ಧೈರ್ಯವಾಗಿರು" ಎಂದು ಹೇಳಿ ಕಳಿಸುತ್ತಿದ್ದೆ. ಆ ಸಮಾಧಾನದಿಂದ ಯಾರ ಅಂಕವೂ ಏರಿದ್ದು ನನಗೆ ನೆನಪಿಲ್ಲ.

ಈಗ ಮಾಡುವುದು ಬೇರೆ. ಒಂಬತ್ತನೆಯ ತರಗತಿಯ ಹನ್ನೆರಡು ಲೆಕ್ಕಗಳಿರುವ ಒಂದು ಹಾಳೆಯನ್ನು ಮಗುವಿನ ಕೈಗೆ ಕೊಟ್ಟು, "ಈಗಲೇ ಬಿಡಿಸಬೇಡ, ಪ್ರತಿ ಲೆಕ್ಕವನ್ನು ಓದಿ, ಇದನ್ನು ಸರಿಯಾಗಿ ಬಿಡಿಸಬಲ್ಲೆ ಎಂಬ ಭರವಸೆ ನಿನಗೆ ಹತ್ತರಲ್ಲಿ ಎಷ್ಟಿದೆಯೋ ಆ ಸಂಖ್ಯೆಯನ್ನು ಅಂಚಿನಲ್ಲಿ ಬರೆ" ಎನ್ನುತ್ತೇನೆ. ಕೆಲವು ವರ್ಷಗಳ ಹಿಂದೆ ಹೀಗೆ ಹಾಳೆ ಪಡೆದ ಹುಡುಗಿಯೊಬ್ಬಳು ಹತ್ತು ಲೆಕ್ಕಗಳ ಎದುರಿಗೆ 2 ಅಥವಾ 3 ಎಂದು ಬರೆದು, ಉಳಿದೆರಡಕ್ಕೆ ಬಹಳ ಯೋಚಿಸಿ 5 ಕೊಟ್ಟಳು. ಆಮೇಲೆ ಬಿಡಿಸಲು ಹೇಳಿದಾಗ ಹನ್ನೆರಡರಲ್ಲಿ ಏಳು ಸರಿಯಾದವು. ತಪ್ಪಾದ ಐದನ್ನು ಇಬ್ಬರೂ ಒಟ್ಟಿಗೆ ನೋಡಿದೆವು. ಅವುಗಳಲ್ಲಿ ನಾಲ್ಕು ತಪ್ಪುಗಳು ಒಂದೇ ಕಡೆ ಹುಟ್ಟಿದ್ದವು: ಆವರಣದ ಹೊರಗೆ ಋಣ ಚಿಹ್ನೆ ಇದ್ದಾಗ ಅವಳು ಒಳಗಿನ ಮೊದಲ ಪದದ ಚಿಹ್ನೆಯನ್ನು ಬದಲಿಸಿ, ಎರಡನೆಯದನ್ನು ಹಾಗೆಯೇ ಬಿಡುತ್ತಿದ್ದಳು. "ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂಬ ಎಂಟು ವರ್ಷದ ದೂರು ಅರ್ಧ ಗಂಟೆಯಲ್ಲಿ "ಆವರಣ ಬಿಡಿಸುವಾಗ ಎರಡನೆಯ ಚಿಹ್ನೆ ಮರೆಯುತ್ತೇನೆ" ಎಂಬ ಸಣ್ಣ ದೂರಾಯಿತು. ಎರಡನೆಯ ದೂರಿಗೆ ಮದ್ದಿದೆ.

ಭರವಸೆ ಎಂದರೆ ಅಂದಾಜು

ಆತ್ಮವಿಶ್ವಾಸ ಎಂಬ ಪದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ, ಮತ್ತು ಗೊಂದಲವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಒಂದು, "ನಾನು ಬೆಲೆಯುಳ್ಳ ಮನುಷ್ಯ" ಎಂಬ ಒಟ್ಟಾರೆ ಭಾವನೆ. ಇನ್ನೊಂದು, "ಈ ಕೆಲಸವನ್ನು ಈ ಮಟ್ಟದವರೆಗೆ ಮಾಡಬಲ್ಲೆ" ಎಂಬ ನಿರ್ದಿಷ್ಟ ಅಂದಾಜು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಈ ಎರಡನೆಯದನ್ನು ಬೇರ್ಪಡಿಸಿ ಅದಕ್ಕೊಂದು ಸಿದ್ಧಾಂತ ಕಟ್ಟಿದರು. ಅವರ ಮಾತಿನ ತಿರುಳು ಇಷ್ಟು: ತನ್ನಿಂದ ಆಗುತ್ತದೆ ಎಂದು ನಂಬಿದವನು ಕೆಲಸವನ್ನು ಕೈಗೆತ್ತಿಕೊಳ್ಳುತ್ತಾನೆ, ಅಡ್ಡಿ ಬಂದಾಗ ಇನ್ನಷ್ಟು ಹೊತ್ತು ಹಿಡಿದು ಕೂರುತ್ತಾನೆ, ಹಾಗೆ ಕೂತದ್ದರಿಂದಲೇ ಕೆಲಸ ಆಗುವ ಸಾಧ್ಯತೆ ಹೆಚ್ಚುತ್ತದೆ. ನಂಬಿಕೆಯಿಂದ ಲೆಕ್ಕ ಸರಿಯಾಗುವುದಿಲ್ಲ. ಪೆನ್ನು ಕೆಳಗಿಡುವ ಮುನ್ನ ಇನ್ನೊಂದು ದಾರಿ ಪ್ರಯತ್ನಿಸುವಂತೆ ಅದು ಮಾಡುತ್ತದೆ.

ಮೊದಲನೆಯ ಅರ್ಥದ ಆತ್ಮಗೌರವದ ಕಥೆ ಬೇರೆ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಮೂವರು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2003ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಆತ್ಮಗೌರವ ಹೆಚ್ಚಿಸುವುದರಿಂದ ಓದಿನ ಸಾಧನೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಕಾಣುವುದಿಲ್ಲ, ಅವೆರಡರ ನಡುವೆ ಇರುವ ನಂಟು ಬಹುಪಾಲು ಚೆನ್ನಾಗಿ ಓದಿದ್ದರಿಂದ ಬಂದ ಹೆಮ್ಮೆಯದು ಎಂಬ ತೀರ್ಮಾನಕ್ಕೆ ಬಂದರು. ಓದುವ ಕೋಣೆಯ ಗೋಡೆಗೆ "ನಾನು ಗೆದ್ದೇ ಗೆಲ್ಲುವೆ" ಎಂಬ ಹಾಳೆ ಅಂಟಿಸಿದ ತಂದೆ ತಾಯಿಯರಿಗೆ ನಾನು ಅದನ್ನು ಕೀಳಿರಿ ಎಂದು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ ಎನ್ನುತ್ತೇನೆ.

ಅಂದಾಜಿನ ಪುಸ್ತಕ

ನೂರು ಪುಟದ ಸಾಧಾರಣ ನೋಟ್‌ಬುಕ್ ಸಾಕು. ಪ್ರತಿ ಪುಟದಲ್ಲಿ ನಾಲ್ಕು ಕಂಬಸಾಲು ಎಳೆಯಬೇಕು: ಲೆಕ್ಕದ ಗುರುತು, ಬಿಡಿಸುವ ಮೊದಲಿನ ಭರವಸೆ, ಸರಿಯೋ ತಪ್ಪೋ, ತಪ್ಪಾಗಿದ್ದರೆ ಯಾವ ಸಾಲಿನಲ್ಲಿ. ಭರವಸೆಯ ಅಂಕವನ್ನು ಲೆಕ್ಕ ಓದಿದ ತಕ್ಷಣ, ಪೆನ್ನು ಓಡಿಸುವ ಮೊದಲೇ ಬರೆಯಬೇಕು ಎಂಬುದೊಂದೇ ಕಟ್ಟುನಿಟ್ಟಿನ ನಿಯಮ, ಏಕೆಂದರೆ ಬಿಡಿಸಿದ ಮೇಲೆ ಎಲ್ಲರ ನೆನಪೂ ತಮಗೆ ಅನುಕೂಲವಾಗಿ ತಿದ್ದಿಕೊಳ್ಳುತ್ತದೆ. ಬಂಡೂರಾ ತಮ್ಮ ಅಳತೆಗಳಲ್ಲಿ ಸೊನ್ನೆಯಿಂದ ನೂರರವರೆಗೆ ಹತ್ತರ ಮೆಟ್ಟಿಲುಗಳನ್ನು ಬಳಸುತ್ತಿದ್ದರು. ನಾವು ಸೊನ್ನೆಯಿಂದ ಹತ್ತು ಎಂದು ಇಟ್ಟುಕೊಂಡರೆ ಮಕ್ಕಳಿಗೆ ಸುಲಭ.

ಎರಡು ವಾರ ಹೀಗೆ ಬರೆದ ಮೇಲೆ ಪುಟಗಳನ್ನು ಓದಲು ಕೂರಬೇಕು. ಭರವಸೆ ಕಡಿಮೆ, ಉತ್ತರ ಸರಿ ಎಂಬ ಸಾಲುಗಳು ಹೆಚ್ಚಿರುವ ಮಗುವಿಗೆ ಹೊಸ ಪಾಠಕ್ಕಿಂತ ಮೊದಲು ಆ ಸಾಲುಗಳನ್ನೇ ತೋರಿಸಬೇಕು. ನಾನು ಬೆರಳಿಟ್ಟು ಒಂದೊಂದಾಗಿ ಎಣಿಸುವಂತೆ ಹೇಳುತ್ತೇನೆ. ಭರವಸೆ ಕಡಿಮೆ, ಉತ್ತರವೂ ತಪ್ಪು ಎಂಬಲ್ಲಿ ಮಗುವಿನ ಅಂದಾಜು ಸರಿಯಾಗಿಯೇ ಇದೆ, ಕಲಿಸುವುದು ಬಾಕಿ ಇದೆ ಅಷ್ಟೆ. ಭರವಸೆ ಹೆಚ್ಚು, ಉತ್ತರ ಸರಿ ಎಂಬ ಲೆಕ್ಕಗಳನ್ನು ಇನ್ನು ದಿನವೂ ಮಾಡಬೇಕಿಲ್ಲ, ಹತ್ತು ದಿನಕ್ಕೊಮ್ಮೆ ಮುಟ್ಟಿ ಬಂದರೆ ಸಾಕು.

ಭರವಸೆ 9, ಉತ್ತರ ತಪ್ಪು ಎಂಬ ಸಾಲಿನಲ್ಲಿ ಮಾತ್ರ ಬಹಳ ಹೊತ್ತು ನಿಲ್ಲಬೇಕು. ಉದಾಹರಣೆಗೆ, 5, 9, 13 ಎಂದು ಸಾಗುವ ಸಮಾಂತರ ಶ್ರೇಢಿಯ 20ನೆಯ ಪದ ಯಾವುದು ಎಂಬ ಪ್ರಶ್ನೆಗೆ ಒಬ್ಬ ಹುಡುಗ ತಡವರಿಸದೆ 85 ಎಂದು ಬರೆದ. ಸಾಮಾನ್ಯ ವ್ಯತ್ಯಾಸ 4, ಅದನ್ನು ಇಪ್ಪತ್ತರಿಂದ ಗುಣಿಸಿ 80, ಮೊದಲ ಪದ 5 ಕೂಡಿಸಿ 85. ಸೂತ್ರವನ್ನು ಬಾಯಿಪಾಠ ಒಪ್ಪಿಸು ಎಂದರೆ ಅವನು ಪದಗಳ ಸಂಖ್ಯೆಯಿಂದ ಒಂದು ಕಳೆಯಬೇಕೆಂಬುದನ್ನೂ ಸೇರಿಸಿ ಸರಿಯಾಗಿಯೇ ಒಪ್ಪಿಸುತ್ತಿದ್ದ. ಆದರೆ ಆ ಒಂದನ್ನು ಏಕೆ ಕಳೆಯಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ಬರೆಯುವ ಅವಸರದಲ್ಲಿ ಅದು ಜಾರಿಹೋಗುತ್ತಿತ್ತು. ಮೆಟ್ಟಿಲ ಬಳಿ ಕರೆದುಕೊಂಡು ಹೋಗಿ ಮೊದಲ ಮೆಟ್ಟಿಲ ಮೇಲೆ ನಿಲ್ಲಿಸಿ, ಐದನೆಯ ಮೆಟ್ಟಿಲು ತಲುಪಲು ಎಷ್ಟು ಸಲ ಕಾಲೆತ್ತಬೇಕು ಎಂದು ಕೇಳಿದೆ. ನಾಲ್ಕು ಸಲ ಎತ್ತಿ ನಿಂತು, ತಾನೇ ನಕ್ಕು, ಒಳಗೆ ಬಂದು 19ನ್ನು 4ರಿಂದ ಗುಣಿಸಿ 76, ಅದಕ್ಕೆ 5 ಸೇರಿಸಿ 81 ಎಂದು ತಿದ್ದಿದ. ಹುಸಿ ಭರವಸೆ ಬಿದ್ದುಹೋದ ಜಾಗದಲ್ಲಿ ನಿಜವಾದದ್ದು ನಿಲ್ಲಲು ಹೀಗೊಂದು ಕಾರಣ ಬೇಕಾಗುತ್ತದೆ. "ಸರಿಯಾಗಿ ನೋಡಿ ಬರೆ" ಎಂಬ ಗದರಿಕೆ ಆ ಕೆಲಸ ಮಾಡುವುದಿಲ್ಲ.

ಇಂಥ ಹುಸಿ ಭರವಸೆಯ ಕಾರ್ಖಾನೆ ಎಂದರೆ ಬಿಡಿಸಿದ ಉತ್ತರಗಳ ಗೈಡು, ಮತ್ತು ಈಚೆಗೆ ಫೋನಿನಲ್ಲಿ ನೋಡುವ ಪಾಠದ ವಿಡಿಯೊ. ಬೇರೆಯವರು ಬಿಡಿಸಿದ್ದನ್ನು ಓದುವಾಗ ಪ್ರತಿ ಸಾಲೂ ಅರ್ಥವಾಗುತ್ತದೆ, ಅರ್ಥವಾದದ್ದೆಲ್ಲ ಬರುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರಿಗೆ ತಮಗೆ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿತ್ತು. ವಾರ ಕಳೆದ ಮೇಲೆ ಹೆಚ್ಚು ನೆನಪಿಟ್ಟುಕೊಂಡಿದ್ದವರು ಮಾತ್ರ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದವರು. ಆದುದರಿಂದ ಗೈಡನ್ನು ಕಿತ್ತುಕೊಳ್ಳದೆ, ಓದಿದ ಲೆಕ್ಕವನ್ನು ಅದನ್ನು ಮುಚ್ಚಿ ಖಾಲಿ ಹಾಳೆಯಲ್ಲಿ ಬರೆದ ಮೇಲಷ್ಟೇ ಅಂದಾಜಿನ ಪುಸ್ತಕಕ್ಕೆ ಸೇರಿಸಬಹುದು ಎಂಬ ಷರತ್ತು ಹಾಕಿದರೆ ಸಾಕು.

ಗುರಿ ಎಷ್ಟು ದೂರದಲ್ಲಿರಬೇಕು

"ಕೈಲಾದಷ್ಟು ಮಾಡು" ಎಂಬುದು ಕೇಳಲು ಹಿತವಾದರೂ ಗುರಿಯಾಗಿ ಬಹಳ ದುರ್ಬಲ, ಏಕೆಂದರೆ ಎಷ್ಟು ಮಾಡಿದರೂ ಕೈಲಾದಷ್ಟು ಮಾಡಿದೆ ಎನ್ನಬಹುದು. ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ತೋರಿಸುತ್ತ ಬಂದದ್ದು ಇದನ್ನೇ: ನಿರ್ದಿಷ್ಟವಾದ, ಸ್ವಲ್ಪ ಕಷ್ಟದ ಗುರಿ ಇಟ್ಟವರು "ಕೈಲಾದಷ್ಟು" ಎಂದವರಿಗಿಂತ ಹೆಚ್ಚು ಕೆಲಸ ಮಾಡುತ್ತಾರೆ. ಲೇಥಮ್ ಮತ್ತು ಬಾಲ್ಡೆಸ್ 1975ರಲ್ಲಿ ವರದಿ ಮಾಡಿದ ಪ್ರಸಂಗವನ್ನು ನಮ್ಮ ಮಲೆನಾಡಿನ ನಾಟಾ ಲಾರಿ ಕಂಡವರು ಚೆನ್ನಾಗಿ ಊಹಿಸಿಕೊಳ್ಳಬಲ್ಲರು. ಅಮೆರಿಕದ ಓಕ್ಲಹೋಮಾದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಅನುಮತಿಸಿದ ತೂಕದ ಸುಮಾರು ಶೇಕಡ 60ರಷ್ಟನ್ನೇ ಹೇರುತ್ತಿದ್ದವು. ಚಾಲಕರಿಗೆ ಶೇಕಡ 94 ಎಂಬ ಸ್ಪಷ್ಟ ಗುರಿ ಕೊಟ್ಟ ಮೇಲೆ, ಹೆಚ್ಚಿನ ಸಂಬಳವಿಲ್ಲದೆಯೇ, ಕೆಲವು ತಿಂಗಳಲ್ಲಿ ಹೇರಿಕೆ ಶೇಕಡ 90ರ ಆಚೀಚೆಗೆ ಏರಿ ಅಲ್ಲಿಯೇ ನಿಂತಿತು.

ಆದರೆ ಗಮನಿಸಬೇಕು, ದಿಮ್ಮಿ ಹೇರುವುದು ಆ ಚಾಲಕರಿಗೆ ಮೊದಲೇ ಗೊತ್ತಿದ್ದ ಕೆಲಸ. ಕೆಲಸವೇ ಹೊಸದಾಗಿದ್ದರೆ ಫಲ ತಿರುಗುಮುರುಗಾಗಬಹುದು. ಕ್ಯಾನ್‌ಫರ್ ಮತ್ತು ಆಕರ್‌ಮನ್ 1989ರಲ್ಲಿ ವಿಮಾನ ಸಂಚಾರ ನಿಯಂತ್ರಣದ ಅಣಕು ಕೆಲಸವನ್ನು ಕಲಿಯುತ್ತಿದ್ದವರಿಗೆ ಆರಂಭದಲ್ಲಿಯೇ ಅಂಕದ ಗುರಿ ಕೊಟ್ಟಾಗ ಅವರ ಕೆಲಸ ಕೆಟ್ಟದ್ದನ್ನು ಕಂಡರು. ಕಲಿಯಲು ಬೇಕಾದ ಗಮನದಲ್ಲಿ ಒಂದು ಪಾಲನ್ನು ಗುರಿಯೇ ತಿಂದುಹಾಕುತ್ತಿತ್ತು. ಇದರಿಂದ ನಾನು ಮಾಡಿಕೊಂಡ ನಿಯಮ ಹೀಗಿದೆ. ತ್ರಿಕೋನಮಿತಿ ಮೊದಲ ಸಲ ಕಲಿಯುವ ವಾರದಲ್ಲಿ ಅಂಕ, ವೇಗ ಎರಡರ ಮಾತನ್ನೂ ಎತ್ತುವುದಿಲ್ಲ. "ಒಂದೇ ಲೆಕ್ಕವನ್ನು ಎರಡು ದಾರಿಯಲ್ಲಿ ಬಿಡಿಸು" ಎಂಬಂಥ ಕಲಿಕೆಯ ಗುರಿಯನ್ನಷ್ಟೇ ಕೊಡುತ್ತೇನೆ. ಅಂದಾಜಿನ ಪುಸ್ತಕದ ಆ ಪಾಠದ ಸಾಲುಗಳಲ್ಲಿ ಭರವಸೆ 7ರ ಮೇಲೆ ನಿಂತು, ಉತ್ತರಗಳೂ ಅದಕ್ಕೆ ತಕ್ಕಂತೆ ಸರಿಯಾಗತೊಡಗಿದ ಮೇಲೆ "ನಾಲ್ಕು ಲೆಕ್ಕ, ಇಪ್ಪತ್ತು ನಿಮಿಷ" ಎಂಬ ಗುರಿ ಬರುತ್ತದೆ.

ಇನ್ನು ದೂರದ ವಿಷಯ. ಬಂಡೂರಾ ಮತ್ತು ಡೇಲ್ ಷುಂಕ್ 1981ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪೋಷಕರಿಗೆ ತಪ್ಪದೆ ಹೇಳುತ್ತೇನೆ, ಏಕೆಂದರೆ ಅದರಲ್ಲಿದ್ದ ಮಕ್ಕಳು ನಮ್ಮ ಮಕ್ಕಳಂತೆಯೇ ಲೆಕ್ಕದಲ್ಲಿ ಹಿಂದೆ ಬಿದ್ದು, ಅದರ ಮೇಲೆ ಆಸಕ್ತಿಯನ್ನೇ ಕಳೆದುಕೊಂಡಿದ್ದವರು. ವ್ಯವಕಲನ ಕಲಿಸುವ 42 ಪುಟಗಳ ಅಭ್ಯಾಸವನ್ನು ಏಳು ಬೈಠಕ್ಕುಗಳಲ್ಲಿ ಮುಗಿಸಬೇಕಿತ್ತು. ಒಂದು ಗುಂಪಿಗೆ ಪ್ರತಿ ಬೈಠಕ್ಕಿನಲ್ಲಿ ಆರು ಪುಟ ಮುಗಿಸಲು ಹೇಳಿದರು, ಇನ್ನೊಂದಕ್ಕೆ ಏಳನೆಯ ಬೈಠಕ್ಕಿನ ಕೊನೆಗೆ 42 ಪುಟ ಮುಗಿದಿರಲಿ ಎಂದರು, ಮತ್ತೊಂದಕ್ಕೆ ಗುರಿಯನ್ನೇ ಕೊಡಲಿಲ್ಲ. ಆರು ಏಳಲಿ ನಲವತ್ತೆರಡು, ಕೆಲಸ ಒಂದೇ. ಆದರೂ ಲೆಕ್ಕದ ಸಾಮರ್ಥ್ಯದಲ್ಲಿ, ತಮ್ಮಿಂದಾಗುತ್ತದೆ ಎಂಬ ಭರವಸೆಯಲ್ಲಿ, ಆಮೇಲೆ ಯಾರೂ ಹೇಳದೆ ತಾವಾಗಿ ಲೆಕ್ಕ ಎತ್ತಿಕೊಳ್ಳುವುದರಲ್ಲಿ ಆರು ಪುಟದ ಗುಂಪೇ ಮುಂದಿತ್ತು. ದೂರದ ಗುರಿ ಪಡೆದವರು ಗುರಿಯಿಲ್ಲದವರಿಗಿಂತ ಹೆಚ್ಚೇನೂ ಮೇಲಿರಲಿಲ್ಲ. ಹತ್ತಿರದ ಗುರಿ ದಿನವೂ ಒಂದು ಗೆಲುವನ್ನು ಲೆಕ್ಕಕ್ಕೆ ಹಾಕುತ್ತದೆ, ಮತ್ತು ತಾನೇ ಮಾಡಿ ಮುಗಿಸಿದ ಅನುಭವಕ್ಕಿಂತ ಭರವಸೆಯನ್ನು ಬಲಪಡಿಸುವುದು ಬೇರೊಂದಿಲ್ಲ ಎಂಬುದು ಬಂಡೂರಾ ಅವರ ಸಿದ್ಧಾಂತದ ಬೆನ್ನೆಲುಬು.

ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ 80ಕ್ಕೆ 38 ಅಂಕ ಬಂದಿದೆ ಎಂದುಕೊಳ್ಳೋಣ. ಮುಂದಿನ ಗುರಿ 75 ಎಂದು ಬರೆಯುವುದು ಹಾರೈಕೆಯಾಗುತ್ತದೆ. 48 ಎಂದು ಬರೆದು, ಹೆಚ್ಚಿನ ಹತ್ತು ಅಂಕ ಯಾವ ಯಾವ ಪ್ರಶ್ನೆಯಿಂದ ಬರಬೇಕೆಂದು ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಗುರುತಿಸಬೇಕು: ಸಂಖ್ಯಾಶಾಸ್ತ್ರದ ಸರಾಸರಿಯಲ್ಲಿ ಕೋಷ್ಟಕ ಸರಿಯಿದ್ದೂ ಭಾಗಾಕಾರದಲ್ಲಿ ಹೋದ ಅಂಕ, ಥೇಲ್ಸ್ ಪ್ರಮೇಯದಲ್ಲಿ ಚಿತ್ರ ಬರೆದು ಸಾಧನೆಯನ್ನು ಅರ್ಧಕ್ಕೆ ಬಿಟ್ಟದ್ದರಿಂದ ಹೋದ ಅಂಕ, ಹೀಗೆ. ಆಮೇಲೆ ಅವನ್ನು ದಿನದ ಪಾಲಿಗೆ ಇಳಿಸಬೇಕು. ನನ್ನ ಬಳಿ ಕಲಿಯುವ ಮಕ್ಕಳಿಗೆ ದಿನಕ್ಕೆ ಆರು ಲೆಕ್ಕ: ಮೂರು ಚೆನ್ನಾಗಿ ಬರುವವು, ಎರಡು ಅರೆಬರೆ ಬರುವವು, ಒಂದು ಬಾರದ್ದು. ಈ ಪ್ರಮಾಣಕ್ಕೆ ಶಾಸ್ತ್ರದ ಆಧಾರವೇನೂ ಇಲ್ಲ, ನನ್ನ ಅನುಭವದ್ದು. ಬಾರದ್ದನ್ನು ಎರಡಕ್ಕೆ ಏರಿಸಿದ ವಾರಗಳಲ್ಲಿ ಪುಸ್ತಕಗಳು ಮನೆಯಲ್ಲಿ "ಮರೆತು" ಬರುವುದು ಹೆಚ್ಚುತ್ತಿತ್ತು. ಎಷ್ಟು ಹೊತ್ತಿಗೆ ಕೂರುವುದು ಎಂಬುದನ್ನೂ ಗುರಿಯ ಜತೆಗೆ ಬರೆಸುತ್ತೇನೆ: "ಸಂಜೆ ಕಾಫಿ ಕುಡಿದ ಲೋಟ ತೊಳೆದಿಟ್ಟ ತಕ್ಷಣ ಪುಸ್ತಕ ತೆರೆಯುತ್ತೇನೆ" ಎಂಬ ವಾಕ್ಯ "ಸಂಜೆ ಓದುತ್ತೇನೆ" ಎಂಬುದಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಹೊಗಳಿಕೆ, ಹೋಲಿಕೆ

ತಾನೇ ಮಾಡಿ ಮುಗಿಸಿದ ಅನುಭವದ ಹೊರತು ಭರವಸೆಗೆ ಬಂಡೂರಾ ಹೇಳಿದ ಇನ್ನೆರಡು ಮೂಲಗಳು ಬೇರೆಯವರು ಮಾಡುವುದನ್ನು ನೋಡುವುದು ಮತ್ತು ಬೇರೆಯವರ ಮಾತು. ಎರಡನ್ನೂ ನಮ್ಮ ಮನೆಗಳಲ್ಲಿ ಧಾರಾಳವಾಗಿ, ಆದರೆ ತಪ್ಪಾಗಿ ಬಳಸುತ್ತೇವೆ. ಪತ್ರಿಕೆಯಲ್ಲಿ ಬಂದ ರಾಜ್ಯಕ್ಕೆ ಮೊದಲ ಸ್ಥಾನ ಪಡೆದವರ ಫೋಟೊ ತೋರಿಸಿ "ನೋಡು" ಎಂದರೆ, 38 ಅಂಕದ ಮಗು ನೋಡುವುದು ತನಗೂ ಅವರಿಗೂ ಇರುವ ಅಂತರವನ್ನಷ್ಟೇ. ಕಳೆದ ವರ್ಷ ಇದೇ ಬೀದಿಯಲ್ಲಿ ಅರ್ಧವಾರ್ಷಿಕದಲ್ಲಿ ಎಡವಿ, ಕೊನೆಗೆ 60 ದಾಟಿದ ಅಕ್ಕನೋ ಅಣ್ಣನೋ ಬಂದು, ಎಲ್ಲಿ ತಪ್ಪುತ್ತಿದ್ದೆ, ಹೇಗೆ ತಿದ್ದಿಕೊಂಡೆ ಎಂದು ಹಾಳೆಯ ಮೇಲೆ ಬಿಡಿಸಿ ತೋರಿಸಿದರೆ ಅದರ ಪರಿಣಾಮವೇ ಬೇರೆ. ತಡವರಿಸಿ ಗೆದ್ದವರನ್ನು ನೋಡಿ ಕಲಿಯುವುದು ಹೆಚ್ಚು.

ಮಾತಿನ ವಿಷಯದಲ್ಲಿ ನಾನೇ ಒಬ್ಬನಿಗೆ ಅನ್ಯಾಯ ಮಾಡಿದ್ದೇನೆ. ಬಹಳ ಚುರುಕಾದ ಹುಡುಗ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಎಲ್ಲರ ಎದುರಿಗೆ "ಇವನು ಪೂರ್ತಿ ಅಂಕ ತೆಗೆಯುವವನು" ಎಂದುಬಿಟ್ಟೆ. ಪರೀಕ್ಷೆ ಮುಗಿಸಿ ಬಂದವನು ಪ್ರಶ್ನೆಪತ್ರಿಕೆಯನ್ನು ಮಡಿಸಿ ಮಡಿಸಿ ಬೀಡಿಯಷ್ಟು ಮಾಡಿಕೊಂಡಿದ್ದ. ನಡುವೆ ಸಿಕ್ಕ ಒಂದು ಲೆಕ್ಕ ಕೂಡಲೇ ಹೊಳೆಯದಾಗ, ಪೂರ್ತಿ ಅಂಕ ಹೋಯಿತೆಂದು ಅದರ ಮೇಲೆಯೇ ಮುಕ್ಕಾಲು ಗಂಟೆ ಕೂತು, ಕೊನೆಯಲ್ಲಿದ್ದ, ತನಗೆ ಬರುತ್ತಿದ್ದ ಪ್ರಶ್ನೆಗಳನ್ನೂ ಬಿಟ್ಟು ಬಂದಿದ್ದ. ಅಂದಿನಿಂದ ಮಕ್ಕಳ ಬಗ್ಗೆ ಭವಿಷ್ಯ ನುಡಿಯುವುದನ್ನು ನಿಲ್ಲಿಸಿದ್ದೇನೆ. "ಋಣ ಚಿಹ್ನೆಯನ್ನು ಈ ವಾರ ಒಮ್ಮೆಯೂ ಬಿಟ್ಟಿಲ್ಲ" ಎಂದು ನಡೆದದ್ದನ್ನಷ್ಟೇ ಹೇಳುತ್ತೇನೆ.

ಭರವಸೆ ಹೆಚ್ಚಾದರೆ ದುಡಿಮೆ ಸಡಿಲವಾಗುವುದೂ ಉಂಟು. ಜೆಫ್ರಿ ವ್ಯಾಂಕೂವರ್ ಮತ್ತು ಸಂಗಡಿಗರು ಸಂಕೇತ ಪತ್ತೆಹಚ್ಚುವ ಆಟವೊಂದರಲ್ಲಿ ಇದನ್ನು 2002ರಲ್ಲಿ ತೋರಿಸಿದರು: ಭರವಸೆ ಏರಿದ ಆಟಗಾರ ಮುಂದಿನ ಸುತ್ತಿನಲ್ಲಿ ಎಚ್ಚರ ತಪ್ಪಿ ಎಡವುತ್ತಿದ್ದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದ ಮಗುವಿನ ಪುಸ್ತಕದಲ್ಲಿ ಮುಂದಿನ ವಾರ 9, 9, 10 ಎಂಬ ಸಾಲುಗಳೇ ತುಂಬಿದ್ದರೆ ಲೆಕ್ಕಗಳನ್ನು ಕಷ್ಟಗೊಳಿಸಬೇಕು, ಅಷ್ಟೇ.

ಪರೀಕ್ಷೆಯ ಕೋಣೆಯಲ್ಲಿ

ಬಂಡೂರಾ ಹೇಳಿದ ಭರವಸೆಯ ನಾಲ್ಕನೆಯ ಮೂಲ ದೇಹ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಹೊಡೆದುಕೊಂಡು ಅಂಗೈ ಬೆವರಿದರೆ, ಮಗು ಅದನ್ನು "ನನಗೆ ಬರುವುದಿಲ್ಲ" ಎಂಬುದಕ್ಕೆ ಸಾಕ್ಷಿಯಾಗಿ ಓದಿಕೊಳ್ಳುತ್ತದೆ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಂಥ ಹೊತ್ತಿನಲ್ಲಿ ಶಾಂತರಾಗಲು ಯತ್ನಿಸಿದವರಿಗಿಂತ ಅದನ್ನು ಉತ್ಸಾಹ ಎಂದು ಕರೆದುಕೊಂಡವರು ಚೆನ್ನಾಗಿ ಮಾಡಿದರು; ಅವುಗಳಲ್ಲಿ ಒಂದು ಗಣಿತದ ಪರೀಕ್ಷೆಯೇ ಆಗಿತ್ತು. ಮಕ್ಕಳಿಗೆ ನಾನು ಹೇಳುವುದು ಇನ್ನೂ ಸರಳ: ಕಬಡ್ಡಿ ಅಂಕಣಕ್ಕೆ ಇಳಿಯುವ ಮುಂಚೆಯೂ ಎದೆ ಹೀಗೆಯೇ ಹೊಡೆದುಕೊಳ್ಳುತ್ತದೆ.

ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆ 80 ಅಂಕದ್ದು, ಸಮಯ ಮೂರು ಗಂಟೆ ಹದಿನೈದು ನಿಮಿಷ, ಅದರಲ್ಲಿ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆಂದೇ ಇದೆ. ವರ್ಷವಿಡೀ ಅಂದಾಜು ಬರೆದು ಪಳಗಿದ ಮಗುವಿಗೆ ಆ ಹದಿನೈದು ನಿಮಿಷ ಹೊಸದೇನಲ್ಲ. ಮನಸ್ಸಿನಲ್ಲಿಯೇ ಪ್ರತಿ ಪ್ರಶ್ನೆಗೂ 9, 6, 3 ಎಂದು ಕೊಟ್ಟುಕೊಂಡು ಹೋಗಬೇಕು. 9 ಇರುವವನ್ನು ಮೊದಲು, 6 ಇರುವವನ್ನು ಆಮೇಲೆ, 3 ಇರುವವನ್ನು ಕೊನೆಯ ಅರ್ಧ ಗಂಟೆಗೆ ಇಟ್ಟುಕೊಳ್ಳಬೇಕು. ಒಂದು ಲೆಕ್ಕ ಹತ್ತು ನಿಮಿಷ ಮೀರಿದರೆ ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಬಾರದ ಲೆಕ್ಕಕ್ಕೂ ದತ್ತಾಂಶ, ಸೂತ್ರ, ಬೆಲೆ ಹಾಕಿದ ಒಂದು ಸಾಲು ಬರೆಯಲೇಬೇಕು, ಹಂತಕ್ಕೂ ಅಂಕವಿರುತ್ತದೆ.

2023-24ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿದ್ದು, ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಮೊದಲನೆಯದರಲ್ಲಿ ನಿರಾಸೆಯಾದವರು ಎರಡನೆಯದಕ್ಕೆ ಪುಸ್ತಕದ ಮೊದಲ ಪಾಠದಿಂದ ಓದಲು ಹೊರಟರೆ ದಿನ ಸಾಲದು. ಪ್ರಶ್ನೆಪತ್ರಿಕೆಯ ಜತೆ ಅಂದಾಜಿನ ಪುಸ್ತಕವನ್ನು ತೆರೆದಿಟ್ಟು, ಭರವಸೆ 7ಕ್ಕಿಂತ ಮೇಲಿದ್ದೂ ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕಗಳು ಯಾವ ಪಾಠದವು ಎಂದು ಗುರುತು ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಆ ಪಾಠದ ಆರು ಲೆಕ್ಕಗಳಿಂದ ಶುರುಮಾಡಬೇಕು.